ಸೈನಿಕ ಇತಿಹಾಸವನ್ನು ಮನೆಯಲ್ಲೇ ಕುಳಿತು ಓದಲು ಯಾವ ಜಾಲತಾಣಗಳಿವೆ?

ಕಾರವಾರದ ಕಡಲತೀರದಲ್ಲಿ ನಿಂತಿರುವ ಚಪಲ್ ಯುದ್ಧನೌಕೆಯನ್ನು ನೋಡಿ ಬಂದವರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ನಾನಾದರೆ ಊರಿನವರಿಂದಲೇ ಆರಂಭಿಸುತ್ತೇನೆ. ಕಾರವಾರದ ಪಕ್ಕದ ಚೆಂಡಿಯಾ ಮೂಲದ ರಾಮ ರಾಘೋಬ ರಾಣೆ 1948ರ ಏಪ್ರಿಲ್‌ನಲ್ಲಿ ಕಾಶ್ಮೀರ ಯುದ್ಧದ ವೇಳೆ ರಜೌರಿಯ ದಾರಿಯಲ್ಲಿ ನೆಲಬಾಂಬುಗಳನ್ನು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟವರು. ಅವರಿಗೆ ಪರಮವೀರ ಚಕ್ರ ದೊರೆತದ್ದು ಅದಕ್ಕಾಗಿ. ಪ್ರಶಸ್ತಿಯ ಮೂಲ ಒಕ್ಕಣೆ ರಕ್ಷಣಾ ಸಚಿವಾಲಯದ ಶೌರ್ಯ ಪ್ರಶಸ್ತಿಗಳ ತಾಣದಲ್ಲಿದೆ. ವಾಟ್ಸ್ಆ್ಯಪ್‌ನಲ್ಲಿ ಬರುವ ಉತ್ಪ್ರೇಕ್ಷೆಗಳನ್ನು ಅದರೊಂದಿಗೆ ಹೋಲಿಸಿ ನೋಡಿ.

1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆರಗಿದ ನಮ್ಮ ನೌಕಾಪಡೆಯ ನಿಪಾತ್, ನಿರ್ಘಾತ್, ವೀರ್ ಕ್ಷಿಪಣಿ ದೋಣಿಗಳ ಬಗ್ಗೆ ಓದಲು ‘ಭಾರತ್ ರಕ್ಷಕ್’ ಜಾಲತಾಣ ಒಳ್ಳೆಯದು. ಆದರೆ ಅದು ಆಸಕ್ತರು ಕಟ್ಟಿದ್ದು, ಸರ್ಕಾರಿ ದಾಖಲೆಯಲ್ಲ.

ಅಜ್ಜನೋ ಮುತ್ತಜ್ಜನೋ ಮಹಾಯುದ್ಧದಲ್ಲಿ ಮಡಿದಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ತಾಣದಲ್ಲಿ ಹೆಸರು ಹುಡುಕಬಹುದು. ನಮ್ಮ ಹೆಸರುಗಳನ್ನು ಇಂಗ್ಲಿಷ್ ಗುಮಾಸ್ತರು ಮನಬಂದಂತೆ ಬರೆದಿದ್ದಾರೆ. ಆದ್ದರಿಂದ ನಾಲ್ಕಾರು ಕಾಗುಣಿತಗಳಲ್ಲಿ ಪ್ರಯತ್ನಿಸಿ, ಸೇವಾ ಸಂಖ್ಯೆ ಗೊತ್ತಿದ್ದರೆ ಅದನ್ನೇ ಹಾಕಿ. ಹಳೆಯ ಸರ್ಕಾರಿ ಕಡತಗಳಿಗೆ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣ ಇದೆ. ಅಲ್ಲಿ ಹುಡುಕಲು ತಾಳ್ಮೆ ಬೇಕು.