ಗೇಜ್ ಒಪ್ತಿಲ್ಲ ಸಾರ್

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರೊಬ್ಬರ ಕತೆ ಇದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯಿದೆ. ಇಲ್ಲಿ ಅವರ ಹೆಸರು ನಿಂಗರಾಜು ಎಂದಿರಲಿ.

ವಯಸ್ಸು 41. ಮಂಡ್ಯ ಪಕ್ಕದ ಹಳ್ಳಿಯವರು. ಸೀಜನ್ ಪಾಸಿನಲ್ಲಿ ದಿನಾ ರೈಲು ಹತ್ತಿ ಮೈಸೂರಿಗೆ ಬರುತ್ತಾರೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷದಿಂದ ಕ್ವಾಲಿಟಿ ತಪಾಸಣೆ ಅವರ ಕೆಲಸ. ರಾತ್ರಿ ಮೂರಕ್ಕೆ ಎದ್ದು ಜಗುಲಿಯಲ್ಲಿ ಕೂರುವುದನ್ನು ನೋಡಲಾರದೆ ಹೆಂಡತಿಯೇ ನನ್ನ ಬಳಿ ಕರೆತಂದಿದ್ದರು. ಕುರ್ಚಿಯಲ್ಲಿ ಕೂತವರು ಮೊದಲು ಆಡಿದ ಮಾತು: “ಮೇಡಂ, ನಾನು ಐ ಟೈಪು. ನನ್ ಕೈಲಿ ಮಾತಾಡಕಾಗಲ್ಲ.”

ಕಾರ್ಖಾನೆಯಲ್ಲಿ ಒಂದು ತರಬೇತಿ ನಡೆದಿತ್ತಂತೆ. ಪ್ರಶ್ನೆಪತ್ರಿಕೆ ತುಂಬಿಸಿ, ಪ್ರತಿಯೊಬ್ಬರಿಗೂ ನಾಲ್ಕು ಅಕ್ಷರದ ಹಣೆಪಟ್ಟಿ ಕೊಟ್ಟರು. ಇವರಿಗೆ ಸಿಕ್ಕಿದ್ದು ಐಎಸ್‌ಎಫ್‌ಜೆ. ಮೊದಲ ಅಕ್ಷರ ಅಂತರ್ಮುಖಿಯದು. ಅದಾದ ಎರಡೇ ತಿಂಗಳಿಗೆ, ಇವರು ಪಾಸ್ ಮಾಡಿದ ಒಂದು ಲಾಟ್ ಗಿರಾಕಿಯಿಂದ ವಾಪಸ್ ಬಂತು. ಮ್ಯಾನೇಜರು, “ನಿಮ್ದು ಮಾತಾಡೋ ಟೈಪಲ್ಲ ಬಿಡಿ, ಸ್ಟೋರ್ಸಿಗೆ ಹೋಗಿ” ಎಂದರು. ವರ್ಗ ಇನ್ನೂ ಆಗಿರಲಿಲ್ಲ, ಆದರೆ ತಾವು ಮಾತಾಡುವ ಟೈಪಲ್ಲ ಎಂದು ಇವರೂ ನಂಬಿಕೊಂಡರು.

ನಾನೂ ನಂಬಿದೆ. ಇದನ್ನು ಮುಚ್ಚಿಡುವುದಿಲ್ಲ. ಮೊದಲ ಎರಡು ಭೇಟಿ ಮಾತಿನ ಅಭ್ಯಾಸಕ್ಕೇ ಹೋಯಿತು. ದಿನಕ್ಕೊಬ್ಬರನ್ನು ತಾವಾಗಿ ಮಾತಾಡಿಸಿ ಎಂದೆ. ಅವರು ತಲೆಯಾಡಿಸಿದರು. ಒಳ್ಳೆಯ ವಿದ್ಯಾರ್ಥಿ ಎಂದುಕೊಂಡೆ.

ಮೂರನೇ ಭೇಟಿಗೆ ಹೆಂಡತಿಯೂ ಕೂತಿದ್ದರು. ನಾನು ಅಭ್ಯಾಸದ ಬಗ್ಗೆ ಕೇಳಿದ್ದಕ್ಕೆ ಆಕೆ ನಕ್ಕೇಬಿಟ್ಟರು. “ಇವ್ರಿಗೆ ಮಾತು ಕಲಿಸ್ತಿದ್ದೀರಾ ಮೇಡಂ? ರೈಲಲ್ಲಿ ಇವರ್ದೇ ಗುಂಪು. ವರ್ಷಕ್ಕೊಂದ್ಸಲ ಬೋಗಿಗೆ ಪೂಜೆ ಮಾಡಿ ಪುಳಿಯೋಗರೆ ಹಂಚದು, ಅದ್ಕೆ ದುಡ್ಡೆತ್ತದು, ಎಲ್ಲಾ ಇವರ್ದೇ. ಹಬ್ಬ ಬಂದ್ರೆ ಊರಲ್ಲಿ ಮೈಕ್ ಬಿಡಕಿಲ್ಲ.”

ನಾನು ಪೆನ್ನು ಕೆಳಗಿಟ್ಟೆ. “ಹಾಗಾದರೆ ಆ ಲಾಟ್ ದಿನ ಏನಾಯ್ತು, ನಿಮಿಷ ನಿಮಿಷ ಹೇಳಿ” ಎಂದೆ.

ದೋಷ ಅವರ ಕಣ್ಣಿಗೆ ಬಿದ್ದಿತ್ತು. ಗೇಜಿನಲ್ಲಿ ಅಳತೆ ಹೊಂದಲಿಲ್ಲ, ಎರಡು ಸಲ ನೋಡಿದರು. ಅಷ್ಟರಲ್ಲಿ ಪ್ರೊಡಕ್ಷನ್ ಸೂಪರ್‌ವೈಸರ್ ಬಂದು ಭುಜದ ಮೇಲೆ ಕೈಯಿಟ್ಟು, “ನಿಂಗರಾಜಣ್ಣ, ಲಾರಿ ನಿಂತದೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಣ್ಣ” ಎಂದ. ಅವನ ತಂಗಿ ಮದುವೆಯಲ್ಲಿ ಇವರು ಬಡಿಸಲು ನಿಂತವರು. ಸಹಿ ಬಿತ್ತು. “ಇಲ್ಲ ಅನ್ನಕೆ ಬಾಯೇ ಬರಕಿಲ್ಲ ಮೇಡಂ.”

ಇದು ಅಂತರ್ಮುಖತೆ ಅಲ್ಲ, ದಾಕ್ಷಿಣ್ಯ. ಮಂಡ್ಯ ಕಡೆಯವರಿಗೆ ಗಾದೆ ನೆನಪಿಸಬೇಕಿಲ್ಲ: ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರಕೆ ತಾವಿಲ್ಲ. ನಾನು ಅರ್ಧ ಹೇಳುವಷ್ಟರಲ್ಲಿ ಅವರೇ ಮುಗಿಸಿದರು.

ಅಕ್ಷರಗಳ ಕತೆಯನ್ನೂ ಅವರಿಗೆ ಹೇಳಬೇಕಾಯಿತು. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ವಿಚಾರವನ್ನು ಹಿಡಿದು ಅಮೆರಿಕದ ತಾಯಿ-ಮಗಳು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್, ಕಟ್ಟಿದ ಪರೀಕ್ಷೆ ಅದು. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಜನರನ್ನು 16 ಗೂಡುಗಳಲ್ಲಿ ಕೂರಿಸುತ್ತದೆ. ಆದರೆ ನಮ್ಮಲ್ಲಿ ಬಹುಪಾಲು ಜನ ನಡುವಿನಲ್ಲೇ ಇರುತ್ತೇವೆ, ಅಲ್ಲಿ ಗೆರೆ ಎಳೆದರೆ ಕೂದಲೆಳೆ ಅಂತರದಲ್ಲಿ ಆಚೆಗೋ ಈಚೆಗೋ ಬೀಳುತ್ತೇವೆ. ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಎಷ್ಟೋ ಜನರಿಗೆ ಅಕ್ಷರವೇ ಬದಲಾಗುತ್ತದೆ. ಕೆಲಸಕ್ಕೆ ಆಯ್ಕೆ ಮಾಡಲು ಇದನ್ನು ಬಳಸಬೇಡಿ ಎಂದು ಅದನ್ನು ಮಾರುವವರೇ ಹೇಳುತ್ತಾರೆ. ಅದೇ ಹಾಳೆ ಹಿಡಿದು ಹನ್ನೊಂದು ವರ್ಷದ ಅನುಭವಿಯನ್ನು ಸ್ಟೋರ್ಸಿಗೆ ತಳ್ಳುವುದನ್ನು ಕೇಳಿ ನನಗೆ ಸಿಟ್ಟೇ ಬಂತು.

ಸಂಶೋಧಕರು ಹೆಚ್ಚು ನೆಚ್ಚುವುದು ಐದು ಗುಣಗಳ ಲೆಕ್ಕವನ್ನು: ಹೊಸದಕ್ಕೆ ತೆರೆದ ಮನಸ್ಸು, ಅಚ್ಚುಕಟ್ಟುತನ, ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಬೇಗ ಕಳವಳಪಡುವ ಗುಣ. ಇಲ್ಲಿ ಗೂಡಿಲ್ಲ, ಅಳತೆಪಟ್ಟಿ ಇದೆ. ಗೇಜ್ ಹಿಡಿಯುವವರಿಗೆ ಇದು ಒಂದೇ ಮಾತಿಗೆ ಅರ್ಥವಾಯಿತು. 1991ರಲ್ಲಿ ಬ್ಯಾರಿಕ್ ಮತ್ತು ಮೌಂಟ್ ಎಂಬಿಬ್ಬರು ಹಲವಾರು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಎಲ್ಲ ಬಗೆಯ ಕೆಲಸಗಳಲ್ಲೂ ಸಾಧನೆಗೆ ತಾಳೆಯಾದದ್ದು ಅಚ್ಚುಕಟ್ಟುತನ. ಬಹಿರ್ಮುಖತೆ ಎದ್ದು ಕಂಡದ್ದು ಮಾರಾಟ, ಮೇಲ್ವಿಚಾರಣೆಯಂಥ ಕೆಲಸಗಳಲ್ಲಿ. ನಿಂಗರಾಜು ಅವರ ಅಚ್ಚುಕಟ್ಟುತನಕ್ಕೆ ಅವರ ರಿಜಿಸ್ಟರೇ ಸಾಕ್ಷಿ. ಹೊಂದಿಕೊಳ್ಳುವ ಗುಣವೂ ಅಷ್ಟೇ ಜಾಸ್ತಿ. ಊರಿನಲ್ಲಿ ಅವರಿಗೆ ಮೈಕು ಕೊಡಿಸಿದ್ದು ಅದೇ, ‘ರಿಜೆಕ್ಟ್’ ಅನ್ನಬೇಕಾದ ಮೇಜಿನಲ್ಲಿ ಕೈ ನಡುಗಿಸಿದ್ದೂ ಅದೇ. ಕಣ್ಣು ದೋಷ ಹಿಡಿದಿರುತ್ತದೆ, ಕೈ ಸಹಿ ಹಾಕಿರುತ್ತದೆ. ಮೂರು ಗಂಟೆಗೆ ನಿದ್ದೆ ಬರುವುದಾದರೂ ಹೇಗೆ?

ಗುಣವನ್ನು ಬದಲಿಸಿ ಎಂದು ನಾನು ಹೇಳಲಿಲ್ಲ. ನಲವತ್ತೊಂದಕ್ಕೆ ಯಾರೂ ಕಠೋರರಾಗಿಬಿಡುವುದಿಲ್ಲ, ಆಗಬೇಕಾಗಿಯೂ ಇಲ್ಲ. ಕೆಲಸದ ಕ್ರಮ ಸ್ವಲ್ಪ ಬದಲಿಸೋಣ ಎಂದೆ. ಅಳತೆ ಸಿಕ್ಕ ತಕ್ಷಣ, ಯಾರೂ ಬಂದು ನಿಲ್ಲುವ ಮೊದಲೇ, ರಿಜಿಸ್ಟರಿಗೆ ಬರೆದು ಕೆಂಪು ಟ್ಯಾಗ್ ಕಟ್ಟಿಬಿಡುವುದು. ಭುಜದ ಮೇಲೆ ಕೈ ಬೀಳುವ ಹೊತ್ತಿಗೆ ತೀರ್ಮಾನ ಆಗಿಹೋಗಿರಬೇಕು. ಒತ್ತಾಯ ಬಂದರೆ ‘ನಾನು ಒಪ್ಪಲ್ಲ’ ಅನ್ನುವ ಬದಲು, “ಗೇಜ್ ಒಪ್ತಿಲ್ಲ ಸಾರ್. ಕಳಿಸ್ಲೇಬೇಕು ಅಂದ್ರೆ ಮ್ಯಾನೇಜರ್ ಹತ್ರ ಡೀವಿಯೇಷನ್ ಬರೆಸಿ ಸಹಿ ಹಾಕಿಸ್ಕೊಂಡ್ ಬನ್ನಿ.” ಡೀವಿಯೇಷನ್ ಎಂದರೆ ಅಳತೆ ತಪ್ಪಿದ್ದರೂ ಕಳಿಸಬಹುದು ಎಂಬ ಲಿಖಿತ ಒಪ್ಪಿಗೆ. ಈ ಮಾತನ್ನು ನನ್ನ ಕೊಠಡಿಯಲ್ಲಿ ಒಂಬತ್ತು ಸಲ ಹೇಳಿಸಿದೆ. ಮೊದಲ ನಾಲ್ಕು ಸಲ ಕೊನೆಗೆ “ಬೇಜಾರ್ ಮಾಡ್ಕಬೇಡಿ” ಸೇರಿತ್ತು. ಆಮೇಲೆ ಉದುರಿತು.

ಮನೆಪಾಠವೂ ಇತ್ತು: ರೈಲಿನ ಗುಂಪಿನಲ್ಲಿ ವಾರಕ್ಕೊಂದು ಸಣ್ಣ ‘ಇಲ್ಲ’. ಕೈಸಾಲ ಕೇಳಿದವರಿಗೇ ಶುರುವಾಗಲಿ ಎಂದೆ. ಮ್ಯಾನೇಜರ್ ಹತ್ತಿರ ಕೂತು ಸ್ಟೋರ್ಸ್ ವಿಚಾರ ಮಾತಾಡಿ ಎಂದದ್ದಕ್ಕೆ ಮಾತ್ರ ಒಪ್ಪಲಿಲ್ಲ. “ಅದು ಈಗ್ಲೇ ಬೇಡ ಮೇಡಂ” ಎಂದರು. ನನಗೇ ‘ಬೇಡ’ ಅಂದರಲ್ಲ ಎಂದು ಖುಷಿಯಾಗಿ, ಮತ್ತೆ ಒತ್ತಾಯಿಸಲಿಲ್ಲ.

ನಾಲ್ಕು ತಿಂಗಳಲ್ಲಿ ಮೂರು ಲಾಟ್ ನಿಲ್ಲಿಸಿದ್ದಾರೆ. ಒಂದಕ್ಕೆ ಡೀವಿಯೇಷನ್ ಬಂತು, ಎರಡು ರೀವರ್ಕಿಗೆ ಹೋದವು. ಸೂಪರ್‌ವೈಸರ್ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲವಂತೆ, ಆ ವಾರ ನಿದ್ದೆ ಮತ್ತೆ ಕೆಟ್ಟಿತ್ತು. ಸ್ಟೋರ್ಸಿನ ಮಾತು ಇನ್ನೂ ತೀರ್ಮಾನವಾಗಿಲ್ಲ.

ಕೊನೆಯ ಭೇಟಿಗೆ ಆಲೆಮನೆಯಿಂದ ಎರಡು ಕೆಜಿ ಅಚ್ಚುಬೆಲ್ಲ ತಂದಿದ್ದರು. ಬರುವವರಿಂದ ಏನೂ ತೆಗೆದುಕೊಳ್ಳಬಾರದು ಎಂಬುದು ನನ್ನ ನಿಯಮ. ಪೊಟ್ಟಣ ನೋಡಿದೆ, ಅವರ ಮುಖ ನೋಡಿದೆ, ಸುಮ್ಮನೆ ಕೂತೆ.

“ಅನ್ನಿ ಮೇಡಂ,” ಎಂದು ನಕ್ಕರು, “ಗೇಜ್ ಒಪ್ತಿಲ್ಲ ಅನ್ನಿ.”