ಬೀಗ ಹಾಕಿದ ಕೋಣೆಯಲ್ಲಿ ಬೆರಳು ಸುಡುವುದಿಲ್ಲ, ನಿಜ

ಓದುಗರ ಪತ್ರ: ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರೊಬ್ಬರು ಬರೆದಿದ್ದಾರೆ. ಹೋದ ತಿಂಗಳು ಎಂಟನೇ ತರಗತಿಯ ಹುಡುಗನೊಬ್ಬ ಆಗಷ್ಟೇ ಉರಿಯಿಂದ ತೆಗೆದಿಟ್ಟ ಗಾಜಿನ ಪ್ರನಾಳವನ್ನು (ಟೆಸ್ಟ್ ಟ್ಯೂಬ್) ಮುಟ್ಟಿ ಬೆರಳು ಸುಟ್ಟುಕೊಂಡ. ಯಾರೋ ಟೂತ್‌ಪೇಸ್ಟ್ ಹಚ್ಚಿದರು. ಮರುದಿನ ಮನೆಯವರು ಬಂದು ಗಲಾಟೆ ಮಾಡಿದರು. ಮುಖ್ಯೋಪಾಧ್ಯಾಯರು ಪ್ರಯೋಗಾಲಯಕ್ಕೆ ಬೀಗ ಹಾಕಿಸಿದರು. ಈಗ ಪ್ರಯೋಗಗಳೆಲ್ಲ ಸ್ಮಾರ್ಟ್ ಬೋರ್ಡಿನ ವಿಡಿಯೋದಲ್ಲಿ. "ನಾನು ಅವಸರ ಮಾಡಿದೆನೇ? ಇಷ್ಟು ಚಿಕ್ಕ ಮಕ್ಕಳ ಕೈಗೆ ಉಪಕರಣ ಕೊಡಬಾರದಿತ್ತೇ? ಪಿಯುಸಿಗೆ ಹೋದ ಮೇಲೆ ಕಲಿತರೆ ಸಾಲದೇ?" ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮೇಷ್ಟ್ರೇ, ಮೊದಲು ಆ ಹುಡುಗನ ಬೆರಳಿನ ವಿಷಯ. ಟೂತ್‌ಪೇಸ್ಟ್ ಹಚ್ಚಿದ್ದು ತಪ್ಪು. ಇಂಕು, ಅರಿಶಿನ, ತುಪ್ಪ, ಐಸು ಇವೂ ಬೇಡ. ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಇಪ್ಪತ್ತು ನಿಮಿಷ ಅಂದರೆ ಅರ್ಧ ಪೀರಿಯಡ್. ನಾವೆಲ್ಲ ಒಂದು ನಿಮಿಷ ಹಿಡಿದು "ಸಾಕು, ಈಗ ಉರಿ ಇಲ್ಲ ಅಲ್ವಾ?" ಎಂದು ಬಿಟ್ಟುಬಿಡುತ್ತೇವೆ. ನಿಮ್ಮ ಪ್ರಯೋಗಾಲಯದಲ್ಲಿ ನಲ್ಲಿ ಇದೆಯೇ, ಅದರಲ್ಲಿ ನೀರು ಬರುತ್ತದೆಯೇ ಎಂದು ನೀವು ಬರೆದಿಲ್ಲ. ಬರದಿದ್ದರೆ ಕೊನೇಪಕ್ಷ ಒಂದು ಡ್ರಮ್ ನೀರು, ಒಂದು ಮಗ್ ಇರಲಿ. ಅದಾಗುವವರೆಗೆ ಸ್ಪಿರಿಟ್ ದೀಪ ಹಚ್ಚಬೇಡಿ. ಈ ಒಂದು ವಿಷಯದಲ್ಲಿ ನಿಮ್ಮ ಮುಖ್ಯೋಪಾಧ್ಯಾಯರ ಕಡೆ ನಾನಿದ್ದೇನೆ.

ಇನ್ನು ಅವನು ಮುಟ್ಟಿದ್ದು ಯಾಕೆ? ತುಂಟತನಕ್ಕಲ್ಲ. ಕೆಂಡ ಕೆಂಪಗಿರುತ್ತದೆ, ಹಾಲು ಉಕ್ಕಿ ಬರುತ್ತದೆ. ಗಾಜು ಮಾತ್ರ ಏನೂ ಹೇಳದೆ ಸುಮ್ನೆ ಕೂತಿರುತ್ತದೆ. ಬಿಸಿ ಗಾಜೂ ತಣ್ಣನೆಯ ಗಾಜೂ ನೋಡಲು ಒಂದೇ ಥರ. ಇದನ್ನು ಅವನಿಗೆ ಯಾರೂ ತೋರಿಸಿರಲಿಲ್ಲ. ಹೇಳಿದ್ದಿರಬಹುದು. ಹೇಳುವುದು ಬೇರೆ, ತೋರಿಸುವುದು ಬೇರೆ. ಬೆಂಚಿನ ಮೇಲೆ ಎರಡು ಪ್ರನಾಳ ಇಡಿ, ಒಂದು ಕಾಯಿಸಿದ್ದು, ಒಂದು ಕಾಯಿಸದ್ದು. ಯಾವುದು ಬಿಸಿ ಎಂದು ದೂರದಿಂದ ನೋಡಿ ಹೇಳಲು ಹೇಳಿ. ತರಗತಿಯ ಅರ್ಧ ಮಕ್ಕಳು ತಪ್ಪು ಹೇಳುತ್ತಾರೆ. ಆಮೇಲೆ ಅಂಗೈಯಲ್ಲ, ಕೈಯ ಹಿಂಬದಿಯನ್ನು ನಿಧಾನಕ್ಕೆ ಹತ್ತಿರ ತಂದು, ಮುಟ್ಟದೆ, ಶಾಖ ಬರುತ್ತಿದೆಯೇ ಎಂದು ನೋಡಿಸಿ. ಅವರ ಮನೆಯಲ್ಲಿ ದೋಸೆ ಹಂಚು ಕಾದಿದೆಯೇ ಎಂದು ಯಾರೂ ಬೆರಳಿಟ್ಟು ನೋಡುವುದಿಲ್ಲ, ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ಅದೇ ಬುದ್ಧಿ ಇದು.

ನಿಮ್ಮ ಶಾಲೆಯ ಮಕ್ಕಳಿಗೆ ಅಪಾಯದ ವಸ್ತು ಹೊಸದೇನಲ್ಲ. ಕುಡುಗೋಲು ಹಿಡಿದು ಹುಲ್ಲು ಕೊಯ್ಯುವ ಹುಡುಗಿ ನಿಮ್ಮ ತರಗತಿಯಲ್ಲೇ ಇರುತ್ತಾಳೆ. ಈಳಿಗೆಮಣೆಯ ಕೆಲಸ ಮುಗಿದ ಕೂಡಲೇ ಅಲಗು ಮಡಿಸಬೇಕು, ಇಲ್ಲವೇ ಗೋಡೆ ಕಡೆ ತಿರುಗಿಸಿಡಬೇಕು ಎಂದು ಅವಳಿಗೆ ಯಾರೂ ಚಾರ್ಟ್ ಬರೆದು ಕೊಟ್ಟಿಲ್ಲ. ಅಜ್ಜಿಯ ಪಕ್ಕ ಕೂತು ಕಲಿತಳು. ವಿಡಿಯೋ ಆ ಪಕ್ಕದಲ್ಲಿ ಕೂರುವ ಕೆಲಸ ಮಾಡುವುದಿಲ್ಲ. ವಿಡಿಯೋದಲ್ಲಿ ಪ್ರನಾಳ ಒಡೆಯುವುದಿಲ್ಲ, ದ್ರಾವಣ ಚೆಲ್ಲುವುದಿಲ್ಲ, ಬಣ್ಣ ಪ್ರತಿಸಲವೂ ಬಂದೇ ಬರುತ್ತದೆ. ಹಾಗೆ ಕಲಿತವನು ಪಿಯುಸಿಯಲ್ಲಿ ಮೊದಲ ದಿನವೇ ನಿಜವಾದ ಗಂಧಕಾಮ್ಲದ (ಸಲ್ಫ್ಯೂರಿಕ್ ಆಸಿಡ್) ಮುಂದೆ ನಿಲ್ಲುತ್ತಾನೆ. ನನಗೆ ಅವನ ಬಗ್ಗೆ ಹೆಚ್ಚು ಭಯ.

ನನ್ನದೇ ಕಥೆ ಹೇಳುತ್ತೇನೆ. ಒಂಬತ್ತನೇ ತರಗತಿಯಲ್ಲಿ, ಒಂದು ಊರಿನ ಒಂದು ಶಾಲೆಯಲ್ಲಿ, ವರ್ಷಕ್ಕೆ ಒಂದೇ ಸಲ ಪ್ರಯೋಗಾಲಯ ತೆರೆಯುತ್ತಿದ್ದರು. ಅವತ್ತು ಸಿಕ್ಕಿದ ಅವಕಾಶ ಬಿಡಬಾರದೆಂದು ಒಂದು ಸೀಸೆಯ ಬಿರಡೆ ತೆಗೆದು ಮೂಗಿಗೇ ಹಿಡಿದು ಉಸಿರೆಳೆದೆ. ಅಮೋನಿಯಾ. ತಲೆಯೊಳಗೆ ಯಾರೋ ಗುದ್ದಿದ ಹಾಗಾಯಿತು. ಸುಮಾರು ಹೊತ್ತು ಕಣ್ಣು ಬಿಡಲಾಗಲಿಲ್ಲ. ಸೀಸೆಯನ್ನು ದೂರ ಹಿಡಿದು, ಕೈಯಿಂದ ಗಾಳಿ ಬೀಸಿಕೊಂಡು ವಾಸನೆ ನೋಡಬೇಕು ಎಂಬ ಸಣ್ಣ ಸಂಗತಿ ನನಗೆ ಗೊತ್ತಿರಲಿಲ್ಲ. ಬೀಗ ಚೆನ್ನಾಗಿಯೇ ಕೆಲಸ ಮಾಡಿತ್ತು, ವರ್ಷದ ಆ ಒಂದು ದಿನದವರೆಗೆ.

ಯಾವ ತರಗತಿಯಿಂದ ಎಂದು ಕೇಳಿದ್ದೀರಿ. ಐದು, ಆರನೇ ತರಗತಿಯಿಂದ ಎನ್ನುತ್ತೇನೆ. ಆದರೆ ಬೆಂಕಿಯಿಂದಲೂ ಅಲ್ಲ, ಆಮ್ಲದಿಂದಲೂ ಅಲ್ಲ. ದಾರ ಮತ್ತು ಕಲ್ಲಿನಿಂದ.

ಹೋದ ವರ್ಷ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೇ ತರಗತಿಯವರು ದಾರಕ್ಕೆ ಕಲ್ಲು ಕಟ್ಟಿ ತೂಗಿಬಿಡುವ ಲೋಲಕ ಮಾಡುವುದನ್ನು ನೋಡುತ್ತಾ ಕೂತಿದ್ದೆ. ಕಲ್ಲಿನ ನಡುವಿನವರೆಗೆ ಅಳೆದು ಒಂದು ಮೀಟರ್ ದಾರ. ಒಂದು ಸಲ ಹೋಗಿ ವಾಪಸ್ ಬರಲು ಹತ್ತಿರಹತ್ತಿರ 2 ಸೆಕೆಂಡ್ ಬೇಕು. ಒಂದೇ ತೂಗನ್ನು ಅಳೆದರೆ ವಾಚು ಒತ್ತುವಾಗಲೇ ತಪ್ಪಾಗುತ್ತದೆ. ಹಾಗಾಗಿ 20 ತೂಗು ಎಣಿಸಿ, ಬಂದ ಸಮಯವನ್ನು 20ರಿಂದ ಭಾಗಿಸಬೇಕು. ನಲವತ್ತು ಸೆಕೆಂಡ್ ಬರಬೇಕಿತ್ತು. ನಾಲ್ಕು ಗುಂಪಿಗೆ 38 ಬಂತು, ಒಂದೇ ಗುಂಪಿಗೆ 40. ಆ ನಾಲ್ಕು ಗುಂಪಿನವರು ಸೇರಿ "ನಿಮ್ಮ ವಾಚೇ ಸರಿ ಇಲ್ಲ" ಎಂದು ಆ ಒಂದು ಗುಂಪಿನ ಮೇಲೆ ಮುಗಿಬಿದ್ದರು. ಟೀಚರ್ ಏನೂ ಹೇಳಲಿಲ್ಲ. ವಾಚು ಅದಲುಬದಲು ಮಾಡಿಕೊಂಡರು. ಆಗಲೂ ಅದೇ 38, ಅದೇ 40. ಕೊನೆಗೆ ಒಬ್ಬ ಸಣ್ಣ ಹುಡುಗಿ ಕಂಡುಹಿಡಿದಳು. ಆ ನಾಲ್ಕು ಗುಂಪಿನವರು ಕಲ್ಲು ಬಿಟ್ಟ ಕ್ಷಣಕ್ಕೇ "ಒಂದು" ಎನ್ನುತ್ತಿದ್ದರು. ಅವರು "ಇಪ್ಪತ್ತು" ಎನ್ನುವಾಗ ಕಲ್ಲು ತೂಗಿದ್ದು ಹತ್ತೊಂಬತ್ತೇ ಸಲ. ಬಿಟ್ಟಾಗ "ಸೊನ್ನೆ" ಎನ್ನಬೇಕಿತ್ತು.

ಒಂದು ಬೆಣಚುಕಲ್ಲು, ಒಂದು ಮೊಳೆ, ಎರಡು ವಾಚು. ಆ ನಲವತ್ತು ನಿಮಿಷದಲ್ಲಿ ಅಳತೆ, ಸರಾಸರಿ, ತಪ್ಪು ಎಲ್ಲಿಂದ ಬಂತು ಎಂದು ಹುಡುಕುವುದು, ಬಹುಮತಕ್ಕೆ ಹೆದರದಿರುವುದು ಎಲ್ಲವೂ ಆಯಿತು. ಆಮೇಲೆ ದಾರವನ್ನು 25 ಸೆಂಟಿಮೀಟರಿಗೆ ಇಳಿಸಿದರು. ಅರ್ಧ ಅಲ್ಲ, ಕಾಲು ಭಾಗ. ಸಮಯ ಮಾತ್ರ ಅರ್ಧವಾಯಿತು, ಒಂದು ಸೆಕೆಂಡ್. ಯಾಕೆ ಎಂದು ಒಬ್ಬ ಕೇಳಿದ. ಟೀಚರ್ "ಒಂಬತ್ತನೇ ಕ್ಲಾಸಿಗೆ ಬಾ, ಹೇಳ್ತೀನಿ" ಎಂದರು. ಆ ಉತ್ತರ ನನಗೆ ಅಷ್ಟು ಹಿಡಿಸಲಿಲ್ಲ, ಇರಲಿ.

ಇದೇ ವಯಸ್ಸಿಗೆ, ಹುಳಿ ಯಾವುದು ಕ್ಷಾರ ಯಾವುದು ಎಂದು ಬಣ್ಣದಲ್ಲೇ ನೋಡಲು ಅರಿಶಿನದ ನೀರು, ದಾಸವಾಳದ ರಸ. ಬಟ್ಟೆಗೆ ಬಿದ್ದ ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುವುದನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದು ಹಳೆಯ ವಿದ್ಯೆ. ನಿಂಬೆಹಣ್ಣು, ಸೋಡಾ, ಮಜ್ಜಿಗೆ ಎಲ್ಲ ಪರೀಕ್ಷೆ ಮಾಡಲಿ. ಒಂದೇ ಎಚ್ಚರಿಕೆ, ಸುಣ್ಣ ಕಣ್ಣಿಗೆ ಬೀಳಬಾರದು. ತಿನ್ನುವ ವಸ್ತುವಾದರೂ ಪ್ರಯೋಗದ ಬಟ್ಟಲಿನದನ್ನು ಬಾಯಿಗೆ ಹಾಕಬಾರದು ಎಂಬ ಅಭ್ಯಾಸವೂ ಇಲ್ಲಿಂದಲೇ ಶುರುವಾಗಲಿ.

ಎಂಟನೇ ತರಗತಿಗೆ ಬೆಂಕಿ ಬರಲಿ, ಆಮ್ಲವೂ ಬರಲಿ. ಗೋಡೆಗೆ ನಲವತ್ತು ನಿಯಮ ಬರೆದು ಅಂಟಿಸಬೇಡಿ, ಯಾರೂ ಓದುವುದಿಲ್ಲ. ಕಾರಣ ಗೊತ್ತಿರುವ ನಿಯಮ ಮಾತ್ರ ಮಕ್ಕಳ ತಲೆಯಲ್ಲಿ ನಿಲ್ಲುತ್ತದೆ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕಲ್ಲ. ಯಾಕೆ? ಗಟ್ಟಿ ಗಂಧಕಾಮ್ಲ ನೀರಿಗಿಂತ 1.84 ಪಟ್ಟು ಭಾರ. ಅದರ ಮೇಲೆ ಸುರಿದ ನೀರು ಮೇಲೆಯೇ ನಿಲ್ಲುತ್ತದೆ, ಬೆರೆತ ಜಾಗದಲ್ಲಿ ಹುಟ್ಟುವ ಶಾಖಕ್ಕೆ ತಕ್ಷಣ ಕುದಿದು ಆಮ್ಲವನ್ನೂ ಸೇರಿಸಿಕೊಂಡು ಮುಖಕ್ಕೆ ಸಿಡಿಯುತ್ತದೆ. ಕಾದ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆ ಎಂದು ಕೇಳಿ, ಮಕ್ಕಳೇ ಹೇಳುತ್ತಾರೆ. ಹಾಗೆಂದು ಗಟ್ಟಿ ಆಮ್ಲವನ್ನು ಅವರ ಕೈಗೆ ಕೊಡಬೇಡಿ. ಹಿಂದಿನ ಸಂಜೆ ನೀವೇ ತೆಳು ಮಾಡಿಟ್ಟು, ಸೀಸೆಗೆ ಚೀಟಿ ಅಂಟಿಸಿ, ದಿನಾಂಕ ಬರೆಯಿರಿ. ಪಿಪೆಟ್ಟಿನಲ್ಲಿ, ಅಂದರೆ ದ್ರವ ಅಳೆಯುವ ಸಣ್ಣ ಕೊಳವೆಯಲ್ಲಿ, ಬಾಯಿಂದ ಎಳೆಯುವುದು ಇನ್ನೂ ಕೆಲವು ಕಡೆ ನಡೆದಿದೆ. ಅದನ್ನು ಇವತ್ತೇ ನಿಲ್ಲಿಸಿ, ರಬ್ಬರ್ ಬಲ್ಬ್ ತರಿಸಿ.

ಕನ್ನಡಕದ ಮಾತು ಬಂದಾಗ ಮಕ್ಕಳು ನಗುತ್ತಾರೆ. ಅವರಿಗೆ ಈ ಕಥೆ ಹೇಳಿ. 1811ರಲ್ಲಿ ಫ್ರಾನ್ಸಿನ ಡ್ಯುಲಾಂಗ್ ಎಂಬ ವಿಜ್ಞಾನಿ ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಸಿಡಿಯುವ ಎಣ್ಣೆ ತಯಾರಿಸಲು ಹೋಗಿ ಒಂದು ಕಣ್ಣು ಕಳೆದುಕೊಂಡರು. ಮರುವರ್ಷ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಅದನ್ನೇ ಮಾಡಿ ಕಣ್ಣಿಗೆ ಪೆಟ್ಟು ಮಾಡಿಕೊಂಡರು. ಬರೆಯಲು ಆಗದೆ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದ ಒಬ್ಬ ಹುಡುಗನನ್ನು ಕರೆಸಿಕೊಂಡರು. ಅವನೇ ಮೈಕೆಲ್ ಫ್ಯಾರಡೆ. 1813ರಲ್ಲಿ ಅದೇ ಎಣ್ಣೆ ಫ್ಯಾರಡೆಯ ಕೈಯಲ್ಲೂ ಸಿಡಿಯಿತು. ಒಂದು ಉಗುರಿನ ಚೂರು ಕಿತ್ತುಬಂತು. ಆದರೆ ಮುಖಕ್ಕೆ ಗಾಜಿನ ಮುಸುಕು ಇತ್ತು, ಕಣ್ಣು ಉಳಿಯಿತು. ಆ ಕಣ್ಣು ಹೋಗಿದ್ದರೆ ಡೈನಮೋ ಯಾರು ಮಾಡುತ್ತಿದ್ದರೋ. 1825ರಲ್ಲಿ ಚಿಕ್ಕವರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳನ್ನು ಶುರು ಮಾಡಿಸಿದವರೂ ಇದೇ ಫ್ಯಾರಡೆ. ಎರಡು ಬದಿಯೂ ಮುಚ್ಚಿದ ಪ್ಲಾಸ್ಟಿಕ್ ಕನ್ನಡಕ ಬೇಕು, ಬೈಕಿನ ಕಪ್ಪು ಕನ್ನಡಕ ಸಾಲದು.

ನಿಮ್ಮ ಪತ್ರದಲ್ಲಿಲ್ಲದ ಒಂದು ಮಾತು. ಪ್ರಯೋಗಾಲಯಕ್ಕೆ ಬೀಗ ಬಿದ್ದಿದೆ, ಸರಿ. ಶೌಚಾಲಯದ ಪಕ್ಕದ ಮೂಲೆ ನೋಡಿದ್ದೀರಾ? ಹಳೆಯ ಜ್ಯೂಸ್ ಬಾಟಲಿಯಲ್ಲಿ ಆಸಿಡ್, ಪಕ್ಕದಲ್ಲೇ ಬ್ಲೀಚಿಂಗ್ ಪೌಡರ್ ಇರುತ್ತದೆ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಬರುತ್ತದೆ. ಚೀಟಿ ಇಲ್ಲದ ಸೀಸೆಯನ್ನು ಮುಟ್ಟಬಾರದು ಎಂದು ಪ್ರಯೋಗಾಲಯದಲ್ಲಿ ಕಲಿತ ಮಗು ಆ ಮೂಲೆಯಲ್ಲೂ, ಮನೆಯಲ್ಲಿ ಕ್ರಿಮಿನಾಶಕ ಇಡುವ ಅಟ್ಟದಲ್ಲೂ ಹುಷಾರಾಗಿರುತ್ತದೆ. ಪೋಷಕರ ಸಭೆಯಲ್ಲಿ ಇದನ್ನೇ ಹೇಳಿ. ಆ ಹುಡುಗನ ಮನೆಯವರನ್ನೂ ಕರೆಯಿರಿ, ಅವರ ಎದುರೇ ಅವನಿಂದ ಬಿಸಿ ಗಾಜು, ತಣ್ಣನೆ ಗಾಜಿನ ಪಾಠ ಮಾಡಿಸಿ. ಅವನಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು.

ಬೀಗ ತೆಗೆದ ಮೇಲೆ ಮೊದಲ ಪ್ರಯೋಗಕ್ಕೆ ನನ್ನದೊಂದು ಕೋರಿಕೆ. ನೀರು ಕುದಿಸಿ, ಎಷ್ಟು ಡಿಗ್ರಿಗೆ ಕುದಿಯಿತು ಎಂದು ಬರೆಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ನಿಮ್ಮಲ್ಲೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಮಕ್ಕಳ ರೆಕಾರ್ಡ್ ಪುಸ್ತಕಗಳಲ್ಲಿ ನಾನು ಇವತ್ತಿನವರೆಗೆ ನೋಡಿದ್ದು ಮಾತ್ರ 100. ಕೆಲವು ಕಡೆ 97 ಬರೆದು, ರಬ್ಬರಿನಿಂದ ಒರೆಸಿ, ಅದರ ಮೇಲೆ 100 ಬರೆದ ಗುರುತೂ ಕಂಡಿದೆ. ಹಾಗಾಗಿ ಅವತ್ತು ರಬ್ಬರ್ ಬ್ಯಾಗಿನಲ್ಲೇ ಇರಲಿ. ದೀಪ ನೀವೇ ಹಚ್ಚಿ, ಮಕ್ಕಳು ನಾಲ್ಕು ನಾಲ್ಕು ಜನರಾಗಿ ಬಂದು ಓದಿಕೊಂಡು ಹೋಗಲಿ. ಮನೆಯ ಜ್ವರದ ಥರ್ಮಾಮೀಟರ್ ಯಾರಾದರೂ ತಂದರೆ ಇಸಿದುಕೊಂಡು ಪಕ್ಕಕ್ಕಿಡಿ. ಅದು 42 ಡಿಗ್ರಿವರೆಗೆ ಮಾತ್ರ, ಬಿಸಿನೀರಿನಲ್ಲಿ ಒಡೆಯುತ್ತದೆ, ಹಳೆಯದಾದರೆ ಒಳಗೆ ಪಾದರಸ ಬೇರೆ. 110 ಡಿಗ್ರಿವರೆಗೆ ಇರುವ, ಒಳಗೆ ಕೆಂಪು ದ್ರವದ್ದು ಸಾಕು. ಅದರ ಬುಡ ಪಾತ್ರೆಯ ತಳಕ್ಕೆ ತಾಗಬಾರದು.

ಬಂದ ಅಂಕಿಗಳನ್ನು ತಿದ್ದದೆ ನಮಗೆ ಕಳಿಸಿ. ಮಂಗಳೂರು ಕಡೆಯ ಒಂದು ಶಾಲೆಗೂ ಇದನ್ನೇ ಬರೆದಿದ್ದೇನೆ. ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕುತ್ತೇವೆ.