ಸ್ಕ್ರಿಪ್ಟ್ "ಆಯ್ತು" ಅಂದರೂ ಸ್ವಿಚ್ ಹೊಸ ಪಾಸ್‌ವರ್ಡ್ ತಗೊಳ್ಳದಿದ್ದರೆ

ಸಾಗರದಿಂದ ಕೇಳಿದವರಿಗೆ ಉತ್ತರ ಇದು. ನಿಮ್ಮ ಹತ್ತಿರ 24 ಸಿಸ್ಕೊ ನೆಟ್‌ವರ್ಕ್ ಸ್ವಿಚ್ ಇವೆ, ಪೈಥಾನ್‌ನಲ್ಲಿ ನೆಟ್‌ಮಿಕೋ (ಇಂಥ ಸಾಧನಗಳಿಗೆ ಲಾಗಿನ್ ಆಗಿ ಕಮಾಂಡ್ ಕಳಿಸೋ ಲೈಬ್ರರಿ) ಬಳಸಿ ಪಾಸ್‌ವರ್ಡ್ ಬದಲಾಯಿಸೋ ಸ್ಕ್ರಿಪ್ಟ್ ಓಡಿಸಿದ್ದೀರಿ, ಎಲ್ಲದಕ್ಕೂ "ಆಯ್ತು" ಅಂತ ಬಂತು. ಆದರೆ ಐದು ಸ್ವಿಚ್ ಹೊಸ ಪಾಸ್‌ವರ್ಡ್ ತಗೊಳ್ಳುತ್ತಿಲ್ಲ. ಮೊನ್ನೆ ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಸರಿ ಇದ್ದವುಗಳಲ್ಲೂ ಎರಡು ಸ್ವಿಚ್ ಹಳೇ ಪಾಸ್‌ವರ್ಡ್‌ಗೇ ವಾಪಸ್ ಹೋದವು.

ಮೊದಲು ಆ ಎರಡರ ವಿಷಯ. ನೆಟ್‌ಮಿಕೋದ ಸೆಂಡ್ ಕಾನ್ಫಿಗ್ ಸೆಟ್ ಬದಲಾಯಿಸೋದು ರನ್ನಿಂಗ್ ಕಾನ್ಫಿಗ್, ಅಂದರೆ ಸದ್ಯ ಓಡುತ್ತಿರೋ ಸೆಟ್ಟಿಂಗ್ ಮಾತ್ರ. ಸೇವ್ ಕಾನ್ಫಿಗ್ ಕರೆಯದಿದ್ದರೆ ಸ್ವಿಚ್ ಆಫ್ ಆಗಿ ಆನ್ ಆದಾಗ ಸೇವ್ ಆಗಿದ್ದ ಹಳೇ ಸ್ಟಾರ್ಟಪ್ ಕಾನ್ಫಿಗ್ಗೇ ಬರುತ್ತದೆ. ಉಳಿದ 17 ಕೂಡ ಯುಪಿಎಸ್ ಇದೆ ಅಂತ ಬಚಾವಾಗಿರಬಹುದು ಅಷ್ಟೇ ಮಾರಾಯ್ರೆ, ಇವತ್ತೇ ಆ 17ರಲ್ಲೂ ರೈಟ್ ಮೆಮೊರಿ (ಸೇವ್ ಮಾಡೋ ಕಮಾಂಡ್) ಕೊಡಿ. ನನಗೂ ಒಂದು ಮಳೆಗಾಲದಲ್ಲಿ ಹೊಸನಗರದ ಕಡೆಯ ಒಂದು ಶಾಖೆಯಲ್ಲಿ ಇದೇ ಆಗಿತ್ತು. ಹಳೇ ಪಾಸ್‌ವರ್ಡ್ ಯಾರ ಹತ್ತಿರವೂ ಉಳಿದಿರಲಿಲ್ಲ, ಆ ಮಳೆಯಲ್ಲಿ ಸ್ವಿಚ್‌ಗೇ ನೇರವಾಗಿ ಚುಚ್ಚೋ ಕನ್ಸೋಲ್ ಕೇಬಲ್ ಹಿಡಿದು ಹೋಗಬೇಕಾಯಿತು. ಅದಕ್ಕೇ ಹೇಳೋದು, ಎಲ್ಲಾ ಮುಗಿಯೋವರೆಗೆ ಹಳೇದನ್ನು ಅಳಿಸಬೇಡಿ.

ಈಗ ಆ ಐದು. ಸ್ವಿಚ್ ಕಮಾಂಡ್ ತಿರಸ್ಕರಿಸಿದರೂ ನೆಟ್‌ಮಿಕೋ ತಾನಾಗಿ ನಿಲ್ಲುವುದಿಲ್ಲ. ಕಳಿಸಿದೆ, ಪ್ರಾಂಪ್ಟ್ ವಾಪಸ್ ಬಂತು, ಅದರ ಲೆಕ್ಕದಲ್ಲಿ ಕೆಲಸ ಆಯಿತು. ಎರರ್ ಪ್ಯಾಟರ್ನ್ ಅಂತ ಒಂದು ಆಯ್ಕೆ ಇದೆ, ಅದರಲ್ಲಿ "ಇನ್ವ್ಯಾಲಿಡ್", "ಎರರ್" ಅನ್ನೋ ಪದಗಳನ್ನು ಸ್ವಿಚ್ ಬರೆಯೋ ಹಾಗೇ ಇಂಗ್ಲಿಷ್‌ನಲ್ಲಿ ಕೊಡಿ. ಸೆಷನ್ ಲಾಗ್ (ಸ್ವಿಚ್ ಜೊತೆ ನಡೆದ ಮಾತನ್ನೆಲ್ಲ ಫೈಲಿಗೆ ಬರೆಯೋ ಆಯ್ಕೆ) ಹಾಕಿ ಒಂದೇ ಸ್ವಿಚ್‌ಗೆ ಓಡಿಸಿ, ಆ ಫೈಲನ್ನು ಸಾಲು ಸಾಲಾಗಿ ಓದಿ.

ಹಳೇ ಸ್ವಿಚ್ ಆದರೆ ಯೂಸರ್ ಪಾಸ್‌ವರ್ಡ್, ಯೂಸರ್ ಸೀಕ್ರೆಟ್ ಎರಡೂ ಒಟ್ಟಿಗೆ ಇರುವ ಹಾಗಿಲ್ಲ, ಒಂದನ್ನು ಆರಿಸಿ ಅನ್ನೋ ಎರರ್ ಸಿಗಬಹುದು. ಆ ಯೂಸರ್‌ಗೆ ಹಿಂದೆ ಯಾರೋ "ಪಾಸ್‌ವರ್ಡ್" ಅಂತ ಹಾಕಿರುತ್ತಾರೆ, ನೀವು "ಸೀಕ್ರೆಟ್" (ಪಾಸ್‌ವರ್ಡನ್ನೇ ಹ್ಯಾಶ್ ಮಾಡಿ ಇಡೋ ರೀತಿ) ಕಳಿಸಿದ್ದೀರಿ. ಹಾಗಂತ ಸುಮ್ನೆ ಆ ಯೂಸರನ್ನು ತೆಗೆಯಲು ಹೋಗಬೇಡಿ, ಕೆಲವು ಸ್ವಿಚ್ ಅಲ್ಲಿ ಕನ್ಫರ್ಮ್ ಕೇಳುತ್ತದೆ, ಸ್ಕ್ರಿಪ್ಟ್ ಅಲ್ಲೇ ಕಾಯುತ್ತಾ ಕೂರುತ್ತದೆ. ಪ್ರಿವಿಲೇಜ್ 15 (ಪೂರ್ತಿ ಅಧಿಕಾರ) ಇರೋ ಎರಡನೇ ಯೂಸರ್ ಮಾಡಿ, ಅದರಲ್ಲಿ ಲಾಗಿನ್ ಆಗಿ, ಆಮೇಲೆ ಹಳೇದನ್ನು ತೆಗೆಯಿರಿ.

ಹೊಸ ಪಾಸ್‌ವರ್ಡ್‌ನಲ್ಲಿ ಪ್ರಶ್ನೆ ಚಿಹ್ನೆ ಇದೆಯಾ? ಸಿಸ್ಕೊಗೆ ಅದು ಸಹಾಯ ಕೇಳಿದ ಹಾಗೆ. ಚಿಹ್ನೆಯನ್ನು ನುಂಗಿ, ಮುಂದಿನ ಅಕ್ಷರಗಳನ್ನು ಹಾಗೇ ಸೇರಿಸಿಕೊಳ್ಳುತ್ತದೆ. ಬೀಗ ಬಿದ್ದ ಸ್ವಿಚ್‌ಗೆ ಆ ಚಿಹ್ನೆ ಬಿಟ್ಟು ಉಳಿದದ್ದನ್ನು ಹೊಡೆದು ನೋಡಿ, ತೆರೆದುಕೊಂಡರೂ ತೆರೆದುಕೊಂಡೀತು. ಪಾಸ್‌ವರ್ಡ್ ಫೈಲಿನಿಂದ ಓದುತ್ತಿದ್ದರೆ ಕೊನೆಯಲ್ಲಿ ಸ್ಪೇಸ್ ಅಥವಾ ಹೊಸ ಸಾಲಿನ ಗುರುತು ಅಂಟಿಕೊಂಡಿರುತ್ತದೆ, ಸ್ಟ್ರಿಪ್ ಮಾಡಿ. ಎಕ್ಸೆಲ್‌ನಿಂದ ತಂದದ್ದಾದರೆ ಮೊದಲಿನ ಸೊನ್ನೆ ಹೋಗಿದೆಯಾ ಅಂತಲೂ ನೋಡಿ. ವಿಟಿವೈ ಲೈನ್‌ನಲ್ಲಿ (ದೂರದಿಂದ ಲಾಗಿನ್ ಆಗೋ ದಾರಿ) ಲಾಗಿನ್ ಲೋಕಲ್ ಇಲ್ಲದೆ ಬರೀ ಲಾಗಿನ್ ಇದ್ದರೆ ಟೆಲ್ನೆಟ್ ಕೇಳೋದು ಲೈನಿನ ಪಾಸ್‌ವರ್ಡ್, ಯೂಸರ್‌ದಲ್ಲ.

ಸ್ಕ್ರಿಪ್ಟಿನಲ್ಲಿ ಬದಲಾಯಿಸಲೇಬೇಕಾದ್ದು ಕ್ರಮ. ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಹಳೇ ಸೆಷನ್ ಮುಚ್ಚಬೇಡಿ. ಅದು ತೆರೆದೇ ಇರಲಿ, ಹೊಸ ಪಾಸ್‌ವರ್ಡ್‌ನಿಂದ ಇನ್ನೊಂದು ಸೆಷನ್ ತೆರೆಯಿರಿ. ಅದು ಒಳಗೆ ಹೋದರೆ ಮಾತ್ರ ಸೇವ್, ಆಮೇಲೆ ಮಾತ್ರ "ಆಯ್ತು" ಅಂತ ಬರೆಯಲಿ. ದೂರದ ಶಾಖೆಗಾದರೆ ಮೊದಲು ಇರೋದನ್ನೆಲ್ಲ ಸೇವ್ ಮಾಡಿ, ರಾತ್ರಿ ಹೊತ್ತು ರಿಲೋಡ್ ಇನ್ 10 (ಹತ್ತು ನಿಮಿಷ ಬಿಟ್ಟು ರೀಸ್ಟಾರ್ಟ್ ಆಗು ಅನ್ನೋ ಕಮಾಂಡ್) ಕೊಟ್ಟು ಶುರು ಮಾಡಿ. ಸರಿ ಹೋದರೆ ರಿಲೋಡ್ ಕ್ಯಾನ್ಸಲ್ ಮಾಡಿ ಸೇವ್, ತಪ್ಪಿದರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ರೀಸ್ಟಾರ್ಟ್ ಆಗಿ ಹಳೇ ಪಾಸ್‌ವರ್ಡ್‌ಗೆ ಬರುತ್ತದೆ. ಆಗುಂಬೆ ಘಾಟಿ ಇಳಿದು ಹೋಗೋದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ.

ಸೆಷನ್ ಲಾಗ್‌ನಲ್ಲಿ ನೀವು ಕಳಿಸಿದ ಹೊಸ ಪಾಸ್‌ವರ್ಡ್ ಹಾಗೇ ಕಾಣುವಂತೆ ಉಳಿದಿರುತ್ತದೆ, ಕೆಲಸ ಮುಗಿದ ಮೇಲೆ ಆ ಫೈಲ್ ಅಳಿಸಿ. ಎರರ್ ಸಾಲು ಸಿಕ್ಕರೆ ಪಾಸ್‌ವರ್ಡ್ ತೆಗೆದು ಇಲ್ಲೇ ಹಾಕಿ, ರಾತ್ರಿ ನೋಡಿ ಹೇಳುತ್ತೇನೆ.